ಬುಧವಾರದ ಸೈಕಲ್ಲು

ಹಲ್ಲಿನ ಡಾಕ್ಟರು ಆ ಸೈಕಲ್ಲನ್ನು ಅಂಗಡಿಯೊಳಗೆ ತಂದ ರೀತಿ ನೋಡಿ ಪುಟ್ಟಿಗೆ ಮೊದಲು ಬಂದದ್ದು ನಗು. ಹ್ಯಾಂಡಲ್ಲಿಗೆ ಒಂದು ಕೈ, ಸೀಟಿನ ಕೆಳಗೆ ಇನ್ನೊಂದು ಕೈ ಕೊಟ್ಟು, ಆಗತಾನೇ ಹಲ್ಲು ಕೀಳಿಸಿಕೊಂಡವರನ್ನು ಕುರ್ಚಿಯಿಂದ ಎಬ್ಬಿಸುವ ಹಾಗೆ, ಮೆಲ್ಲಗೆ ಮೆಟ್ಟಿಲು ಹತ್ತಿಸಿದರು.

“ಏನಾಗಿದೆ ಡಾಕ್ಟ್ರೇ? ಇದಕ್ಕೂ ಹಲ್ಲುನೋವಾ?”

“ನೋವೇನಿಲ್ಲ. ಇದರಲ್ಲಿ ಯಾವ್ದು ಹುಟ್ಟಿದ ಹಲ್ಲು, ಯಾವ್ದು ಕಟ್ಟಿಸಿದ ಹಲ್ಲು ಅಂತ ತಿಳ್ಕೋಬೇಕಿತ್ತು.”

ಒಳಗೆ ಬೆಂಚಿನ ಮೇಲಿದ್ದ ಅಪ್ಪ ಗೊಳ್ಳೆಂದು ನಕ್ಕ. ನಾಲ್ಕು ತಿಂಗಳ ಹಿಂದೆ ಅವನ ಬಾಯಿಗೆ ಪೂರ್ತಿ ಸೆಟ್ ಕೂರಿಸಿದವರು ಇದೇ ಡಾಕ್ಟರು. ಹೊಸ ಹಲ್ಲು ಬಂದಂದಿನಿಂದ ಅಪ್ಪನಿಗೆ ನಗಲು ಕಾರಣವೇ ಬೇಕಿರಲಿಲ್ಲ.

“ನನ್ನ ಬಾಯಲ್ಲಿ ಮಾತ್ರ ಹುಡುಕಬೇಡಿ, ಒಂದೂ ಒರಿಜಿನಲ್ ಇಲ್ಲ! ಪುಟ್ಟೀ, ನೋಡಮ್ಮ ಅದೇನು ಅಂತ.”

ಮೂವತ್ಮೂರು ತುಂಬಿದ್ದರೂ ಅಪ್ಪನ ಬಾಯಲ್ಲಿ ಅವಳು ಪುಟ್ಟಿಯೇ. ಅಪ್ಪನ ದೆಸೆಯಿಂದ ಇಡೀ ಬೀದಿಗೂ ಪುಟ್ಟಿಯೇ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಸೈಕಲ್ ರಿಪೇರಿ ಅಂಗಡಿ ಅವಳದಾಯಿತು. ಹದಿನೈದು ವರ್ಷದಲ್ಲಿ ಆ ಬಾಗಿಲಿಗೆ ಬಂದ ಸೈಕಲ್ಲುಗಳಿಗೆ ಲೆಕ್ಕವಿಲ್ಲ. ಈಗ ಅವಳಿಗೆ ಸೈಕಲ್ಲಿನಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ, ಅಥವಾ ಹಾಗಂದುಕೊಂಡಿದ್ದಳು.

ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ, ಒದ್ದೆ ಬಟ್ಟೆಯಲ್ಲಿ ಧೂಳೊರೆಸಿದಳು. ಒರೆಸುತ್ತಿದ್ದ ಕೈ ತಾನಾಗಿ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

ಕೊಳವೆಗಳು ಒಂದನ್ನೊಂದು ಕೂಡುವ ಕಡೆ ಯಾರೋ ಅರದಿಂದ ಉಜ್ಜಿ ಉಜ್ಜಿ ಉಕ್ಕಿನ ಅಂಚನ್ನು ಎಲೆಯಷ್ಟು ತೆಳ್ಳಗೆ ಮಾಡಿದ್ದರು. ಬೂದಿ ಬೆರೆತ ನೀಲಿ ಬಣ್ಣ. ಅಂಚಿನ ಸುತ್ತ ಕೂದಲೆಳೆಯಂಥ ಬಂಗಾರದ ಗೆರೆ, ಅದೂ ಕುಂಚದಿಂದ, ಕೈಯಲ್ಲೇ ಎಳೆದದ್ದು. ಒಂದು ಕಡೆ ಮಾತ್ರ ಆ ಗೆರೆ ಎಳ್ಳಷ್ಟು ಅಲುಗಿತ್ತು.

“ಇಲ್ಲಿ ನೋಡಿ,” ಪುಟ್ಟಿಯ ದನಿ ಇಳಿದಿತ್ತು. “ಗೆರೆ ಎಳೆಯೋವಾಗ ಅವನು ಇಲ್ಲಿ ಉಸಿರು ಬಿಟ್ಟಿದ್ದಾನೆ.”

ಡಾಕ್ಟರು ಗೆರೆಯನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು. ಗೆರೆಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿದರು ಅನ್ನಬೇಕು.

ಅವಳು ಉಗುರಿನಿಂದ ಕೊಳವೆಯನ್ನು ಮೀಟಿದಳು. ಅಂಗಡಿಯ ಮೂಲೆಮೂಲೆಗೂ ಮುಟ್ಟುವ ಹಾಗೆ ಅದು ಸಣ್ಣಗೆ ಗುಂಯ್‌ಗುಟ್ಟಿತು. ಹ್ಯಾಂಡಲ್ಲಿನ ಕಾಂಡವನ್ನು ಅಳೆದಳು. ಸರಿಯಾಗಿ ಇಪ್ಪತ್ತೆರಡು ಮಿಲಿಮೀಟರ್.

“ಫ್ರಾನ್ಸಿಂದು! ನಮ್ಮ ಮಾಮೂಲಿ ಕಾಂಡ ಇದಕ್ಕಿಂತ ಒಂದು ಎಳೆ ದಪ್ಪ ಇರತ್ತೆ. ಆ ಕಾಲದಲ್ಲಿ ಅವರದ್ದೇ ಅಳತೆ, ಅವರದ್ದೇ ಮರೆ, ಅಂದ್ರೆ ತಿರುಪಿನ ಸುತ್ತು. ಎಲ್ಲಾ ಸೈಕಲ್ಲಲ್ಲೂ ಬಲಗಡೆ ಬೇರಿಂಗ್ ಕಪ್ಪನ್ನ, ಆ ಗುಂಡುಗಳು ಕೂರೋ ಬಟ್ಟಲನ್ನ, ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿದ್ರೆ ಬಿಚ್ಚಿಕೊಳ್ಳತ್ತೆ. ಇದರಲ್ಲಿ ತದ್ವಿರುದ್ಧ. ಗೊತ್ತಿಲ್ಲದವ್ರು ಕೈ ಹಾಕಿದ್ರೆ ಮುಗೀತು ಕಥೆ.”

“ಹಠಮಾರಿಗಳು.”

“ಹಠ ಇಲ್ದೆ ಇಂಥದ್ದು ಹುಟ್ಟಲ್ಲ ಡಾಕ್ಟ್ರೇ.”

ಅವತ್ತು ಬುಧವಾರ. ಬುಧವಾರ ಮಧ್ಯಾಹ್ನ ಕ್ಲಿನಿಕ್ಕಿಗೆ ರಜ. ಡಾಕ್ಟರು ಅಂಗಿಯ ತೋಳು ಮಡಿಸಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಅವಳು ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು. ಫ್ರೇಮು ಅಸಲು. ಮುಂದಿನ ಫೋರ್ಕು ಅಸಲು. ಚಕ್ರಗಳೂ ಅಸಲು, ಅವನ್ನು ಬಿಗಿಯುವ ಚಿಟ್ಟೆನಟ್ಟುಗಳು ಬಿಟ್ಟು. ಬ್ರೇಕ್ ಲಿವರುಗಳು ಅಲ್ಲ. ಗೇರು ಅಲ್ಲ. ಸೀಟು ಖಂಡಿತ ಅಲ್ಲ. ಪೆಡಲ್ಲುಗಳಂತೂ ಇರಲೇ ಇಲ್ಲ.

“ಸದ್ಯ, ಇಲ್ಲದಿದ್ದದ್ದೇ ಒಳ್ಳೇದಾಯ್ತು. ನಮ್ಮ ಪೆಡಲ್ಲು ಇದರ ಮರೆಗೆ ಹತ್ತಲ್ಲ. ಬಲವಂತ ಮಾಡಿದ್ದಿದ್ರೆ ಪೆಡಲ್ ಕೂರೋ ಕ್ರ್ಯಾಂಕೇ ಹಾಳಾಗ್ತಿತ್ತು.” ಬದಲಿ ಲಿವರಿನ ಬೋಲ್ಟನ್ನು ಸಡಿಲಿಸುತ್ತ ಅವಳು ಅಂದಳು, “ಇವನ್ನೆಲ್ಲ ಬದಲಾಯಿಸಿದವ್ನು ಯಾರೋ, ಕೈ ಮಾತ್ರ ತುಂಬ ನಯ. ಒಂದು ಗೀರು ಮಾಡಿಲ್ಲ ನೋಡಿ.”

ಡಾಕ್ಟರ ಕಿವಿ ಕೆಂಪಾಯಿತು. ಬಾಗಿಲ ಕಡೆಯಿಂದ ಬಿಸಿಲು ಬೀಳುತ್ತಿತ್ತು, ಅದಕ್ಕೇ ಇರಬೇಕೆಂದು ಪುಟ್ಟಿ ಅಂದುಕೊಂಡಳು.

ಕ್ರ್ಯಾಂಕಿನ ಒಳಮೈಯಲ್ಲಿ ಏನೋ ಅಚ್ಚಿತ್ತು, ಗ್ರೀಸಿನಲ್ಲಿ ಮುಚ್ಚಿಹೋಗಿತ್ತು. ಅವಳು ಟಾರ್ಚು ಹಿಡಿದು ಕತ್ತು ತಿರುಚಿದಳು, ಕಾಣಲಿಲ್ಲ. ಡಾಕ್ಟರು ಜೇಬಿನಿಂದ ಒಂದು ಪುಟಾಣಿ ಕನ್ನಡಿ ತೆಗೆದರು, ಬಾಯೊಳಗೆ ಹಾಕಿ ನೋಡುವಂಥದ್ದು. ಇನ್ನೊಂದು ಕೈಯಲ್ಲಿ ಸೂಜಿಯಂಥ ಕೊಕ್ಕೆ. ಗ್ರೀಸನ್ನು ಅಷ್ಟಷ್ಟೇ ಕೆರೆದರು. ಹಲ್ಲಿನ ಸಂದಿನ ಕೆಲಸವೇ ಅದು, ಜಾಗ ಬೇರೆ ಅಷ್ಟೆ.

“ನೋವಾದ್ರೆ ಹೇಳು,” ಅಂದರು ಸೈಕಲ್ಲಿಗೆ.

ಪುಟ್ಟಿ ನಗುತ್ತಲೇ ಕನ್ನಡಿಯೊಳಗೆ ಇಣುಕಿದಳು. ಏಳು, ಒಂದು. ಎಪ್ಪತ್ತೊಂದನೇ ಇಸವಿ! ಅವರಿಬ್ಬರೂ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ, ನೋಡಿರದ ಊರಿನ ನೋಡಿರದ ಕಾರ್ಖಾನೆಯಲ್ಲಿ, ಒಬ್ಬ ಮನುಷ್ಯ ಸುತ್ತಿಗೆ ಎತ್ತಿ ಒಂದು ಪೆಟ್ಟು ಹಾಕಿದ್ದ. ಆ ಪೆಟ್ಟು ಈಗ ಇಷ್ಟು ಸಣ್ಣ ಕನ್ನಡಿಯಲ್ಲಿ ಅವಳ ಕಣ್ಣಿಗೆ ಬಂದಿತ್ತು. ಅವಳ ಕಣ್ಣು ಒದ್ದೆಯಾಯಿತು. ಇಷ್ಟಕ್ಕೆಲ್ಲ ಯಾರಾದರೂ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರಾ ಎಂದು ನಾಚಿಕೆಯೂ ಆಯಿತು. ಕತ್ತು ಎತ್ತಿದರೆ ಡಾಕ್ಟರ ಮುಖ ಗೇಣು ದೂರದಲ್ಲಿತ್ತು. ಲವಂಗದೆಣ್ಣೆಯ ವಾಸನೆ. ಅವರು ಅಂಕಿ ನೋಡುತ್ತಿರಲಿಲ್ಲ.

ಮುಂದಿನ ಬುಧವಾರ ಅವರು ಹತ್ತಿಯಲ್ಲಿ ಸುತ್ತಿದ ಒಂದು ಪೊಟ್ಟಣ ತಂದರು. ಒಳಗೆ ಎರಡು ಹಳೆಯ ಬ್ರೇಕ್ ಲಿವರುಗಳು.

“ಗುಜರಿಯಲ್ಲಿ ಸಿಕ್ತು. ಇದೇನಾ ನೋಡಿ.”

ಪುಟ್ಟಿ ಹ್ಯಾಂಡಲ್ಲನ್ನು ಒರೆಸಿದಳು. ಹಳೆಯ ಲಿವರು ವರ್ಷಾನುಗಟ್ಟಲೆ ಕೂತಿದ್ದ ಕಡೆ ಬೆಳ್ಳಗೊಂದು ಪಟ್ಟಿ ಉಳಿದಿತ್ತು, ಬಿಸಿಲೂ ಬೆವರೂ ಮುಟ್ಟದ ಜಾಗ. ಲಿವರನ್ನು ಮೆಲ್ಲಗೆ ಜಾರಿಸಿ ಆ ಪಟ್ಟಿಯ ಮೇಲೆ ತಂದಳು. ಅಂಚಿಗೆ ಅಂಚು ಕೂಡಿತು. ಎಡಗಡೆ ಪಟ್ಟಿಯ ತುದಿಯಲ್ಲಿ ಒಂದು ವಕ್ರ ಕಲೆಯಿತ್ತು. ಲಿವರಿನ ಕೊರಳಲ್ಲೂ ಅದೇ ವಕ್ರ. ಅವಳ ಮೈ ಜುಂ ಎಂದಿತು. ತೋಳಿನ ರೋಮ ನಿಂತದ್ದನ್ನು ಡಾಕ್ಟರೂ ಕಂಡರು.

“ಇಂಥದ್ದೇ ಲಿವರ್ ಅಲ್ಲ ಇದು, ಇದೇ ಲಿವರ್! ಯಾರೋ ಬಿಚ್ಚಿ ಗುಜರಿಗೆ ಹಾಕಿದ್ದಾರೆ, ಅದು ತಿರುಗಿ ತನ್ನ ಮನೆಗೇ ಬಂದಿದೆ. ನಿಮಗೆ ಇದರ ಅರ್ಥ ಗೊತ್ತಾ? ಲಕ್ಷಕ್ಕೊಂದು ಸಲಾನೂ ಹೀಗಾಗಲ್ಲ!”

“ಹೌದಾ?” ಅಂದರು ಡಾಕ್ಟರು, ತಗ್ಗಿದ ದನಿಯಲ್ಲಿ.

“ಆ ಗುಜರಿಯವನಿಗೆ ಡಾಕ್ಟ್ರ ಮೇಲೆ ಅದೇನು ಪ್ರೀತಿಯೋ,” ಎಂದು ಅಪ್ಪ ಬೆಂಚಿನ ಮೇಲಿಂದ ಗೊಣಗಿದ.

ಮೂರನೇ ಬುಧವಾರ ಗೇರು ಬಂತು. ನಾಲ್ಕನೆಯದಕ್ಕೆ ಸೀಟು, ಹಳಬರೊಬ್ಬರ ಮೈಭಾರಕ್ಕೆ ತಗ್ಗಿದ ಚರ್ಮದ ಸೀಟು. ಐದನೆಯದಕ್ಕೆ ಚಕ್ರದ ಚಿಟ್ಟೆನಟ್ಟುಗಳು. ಪ್ರತಿಯೊಂದೂ ತನ್ನ ಜಾಗದಲ್ಲಿ ಕೂತಾಗ ಪುಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ಬೆರಗಿನಿಂದ ನೋಡುತ್ತಿದ್ದಳು. ಅವಳು ಸೈಕಲ್ಲನ್ನು ನೋಡುವುದು, ಅವರು ಅವಳನ್ನು ನೋಡುವುದು, ಅಪ್ಪ ಇಬ್ಬರನ್ನೂ ನೋಡುವುದು, ಅಂಗಡಿಯ ಬುಧವಾರಗಳು ಹೀಗೆ ಸಾಗಿದವು.

ಮಂಗಳವಾರ ಬಂತೆಂದರೆ ಅವಳಿಗೆ ಕೈಕಾಲು ನಿಲ್ಲುತ್ತಿರಲಿಲ್ಲ. ಉಗುರಿನ ಸಂದಿನ ಗ್ರೀಸನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಆದರೆ ಡಾಕ್ಟರು ಬರೆದಿದ್ದ ಪಟ್ಟಿಯಲ್ಲಿ ಒಂದೊಂದು ಸಾಲಿಗೆ ಗುರುತು ಬೀಳುತ್ತ ಹೋದಂತೆ ಎದೆಯೊಳಗೆ ಸಣ್ಣದೊಂದು ಭಯ ಬೆಳೆಯಿತು. ಸೈಕಲ್ಲು ಮುಗಿದರೆ ಅವರು ಮತ್ತೆ ಯಾಕೆ ಬರುತ್ತಾರೆ? ಅಪ್ಪನ ಹಲ್ಲು ಗಟ್ಟಿಯಾಗಿವೆ, ಅವಳ ಹಲ್ಲಿಗೂ ದಾಡಿಯಿಲ್ಲ. ಜೀವನದಲ್ಲಿ ಮೊದಲ ಸಲ ಅವಳಿಗೆ ಒಂದು ಕೆಲಸ ಬೇಗ ಮುಗಿಯುವುದು ಬೇಡವಾಗಿತ್ತು. ಅವರು ಅವಳಿಗೆ ಬೇಕಾಗಿದ್ದರು. ಅದನ್ನು ಹೇಗೆ ಹೇಳುವುದು ಎಂಬುದು ಮಾತ್ರ ಯಾವ ಸ್ಪ್ಯಾನರಿಗೂ ಸಿಕ್ಕುತ್ತಿರಲಿಲ್ಲ.

ಆರನೇ ಬುಧವಾರಕ್ಕೆ ಉಳಿದದ್ದು ಎರಡೇ. ಒಂದು, ಸಿಗದ ಪೆಡಲ್ಲುಗಳು. ಇನ್ನೊಂದು, ಕ್ರ್ಯಾಂಕಿನ ಹಿಂದೆ ಫ್ರೇಮಿನ ಹೊಟ್ಟೆಯೊಳಗೆ ಕೂತ ಬಲಗಡೆಯ ಬೇರಿಂಗ್ ಕಪ್ಪು. ಅದನ್ನು ಬಿಚ್ಚಿ ಹಿಂಬದಿಯ ಅಚ್ಚು ನೋಡಿದರೆ ಅಸಲೋ ಅಲ್ಲವೋ ತಿಳಿಯುತ್ತಿತ್ತು. ಪುಟ್ಟಿ ಅಗಲದ ಸ್ಪ್ಯಾನರ್ ಹಾಕಿ, ಅದರ ಬಾಲಕ್ಕೆ ಉದ್ದನೆ ಪೈಪು ಸಿಕ್ಕಿಸಿದಳು.

“ಇದು ಮುಗಿದ ಮೇಲೆ...” ಅಂದರು ಡಾಕ್ಟರು.

ಅಷ್ಟಕ್ಕೇ ನಿಲ್ಲಿಸಿದರು. ಮುಗಿದ ಮೇಲೆ ಏನು? ಪುಟ್ಟಿ ಕಾದಳು. ಕಾಯುತ್ತಲೇ ಮೈಭಾರ ಹಾಕಿ ಪೈಪನ್ನು ಒತ್ತಿದಳು. ಹದಿನೈದು ವರ್ಷದ ಅಭ್ಯಾಸ ಕೈಯನ್ನು ತನ್ನ ಪಾಡಿಗೆ ನಡೆಸಿತು. ಕಪ್ಪು ಅಲುಗಲಿಲ್ಲ, ಇನ್ನಷ್ಟು ಒತ್ತಿದಳು.

ಟಿಕ್.

ಸದ್ದು ಕೇಳಿದ ಮೇಲೆಯೇ ಅವಳು ತನ್ನ ಕೈ ಯಾವ ಕಡೆ ತಿರುಗುತ್ತಿತ್ತೆಂದು ನೋಡಿದ್ದು. ಗಡಿಯಾರದ ಮುಳ್ಳಿನ ಕಡೆಗೆ.

“ಬಂತಾ?” ಡಾಕ್ಟರು ಕೇಳಿದರು.

“ಇಲ್ಲ. ಇವತ್ತು ಬೇಡ, ಎಣ್ಣೆ ಬಿಟ್ಟಿರ್ತೀನಿ. ಆಮೇಲೆ ನೋಡೋಣ.” ಅವಳು ಬಟ್ಟೆಯಿಂದ ಅದನ್ನು ಮುಚ್ಚಿದಳು. ಮುಖ ತಿರುಗಿಸಿಕೊಂಡೇ ಅವರನ್ನು ಕಳಿಸಿಕೊಟ್ಟಳು.

ಅವರು ಬೀದಿಯ ತಿರುವು ದಾಟಿದ ಮೇಲೆ ಕಪ್ಪನ್ನು ಸರಿಯಾದ ಕಡೆಗೆ ತಿರುಗಿಸಿ ತೆಗೆದಳು. ಅಂಚಿನ ಒಂದು ಚೂರು ಹಾರಿಹೋಗಿತ್ತು. ಒಳಗಿನ ಅಚ್ಚು ಸ್ಪಷ್ಟವಾಗಿತ್ತು, ಎಪ್ಪತ್ತೊಂದು. ಅಸಲು. ಐವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ತನ್ನ ಕೆಲಸ ಮಾಡಿಕೊಂಡು ಬಂದದ್ದನ್ನು ಅವಳು ಒಂದೇ ನಿಮಿಷದಲ್ಲಿ ಒಡೆದಿದ್ದಳು. ಪುಟ್ಟಿ ನೆಲದ ಮೇಲೆ ಕೂತುಬಿಟ್ಟಳು.

ಅಪ್ಪ ಎದ್ದು ಬಂದು ಕಪ್ಪನ್ನು ಕೈಗೆ ತೆಗೆದುಕೊಂಡ. ಅದರ ಒಡೆದ ಅಂಚನ್ನು ಬೆರಳಲ್ಲಿ ಸವರಿದ.

“ಹಳೇ ಡಬ್ಬೀಲಿ ಇದೇ ಅಳತೇದು ಇನ್ನೊಂದಿದೆ. ಬೇರೆ ಕಾರ್ಖಾನೇದು, ಆದ್ರೆ ಕೂರತ್ತೆ. ಒಳಗಿರೋದು ಪುಟ್ಟೀ, ಯಾರಿಗೂ ಕಾಣಲ್ಲ.”

“ನನಗೆ ಕಾಣತ್ತಲ್ಲ ಅಪ್ಪ.”

ಅಪ್ಪ ತಲೆಯಾಡಿಸಿದ. ಮಗಳ ನೆತ್ತಿಯ ಮೇಲೆ ಕೈಯಿಟ್ಟ. ಆ ಕೈ ನಡುಗುತ್ತಿತ್ತು, ಆದರೂ ಅವಳಿಗೆ ಹಿತವಾಗಿತ್ತು.

ಹೇಳಿದರೆ ಏನಾಗಬಹುದೆಂದು ಅವಳಿಗೆ ಗೊತ್ತಿತ್ತು. ಅವರು ಬಾಯಿಬಿಟ್ಟು ಬಯ್ಯುವವರಲ್ಲ. ಪರವಾಗಿಲ್ಲ ಅನ್ನುತ್ತಾರೆ, ಸೈಕಲ್ಲನ್ನು ತೆಗೆದುಕೊಂಡು ಹೋಗುತ್ತಾರೆ, ಇನ್ನು ಆ ಮೆಟ್ಟಿಲು ಹತ್ತುವುದಿಲ್ಲ. ಅವರ ಕಣ್ಣಿನಲ್ಲಿ ಅವಳು ತಪ್ಪೇ ಮಾಡದ ಕೈಯವಳು. ಅದು ಹೋದರೆ ಎಲ್ಲ ಹೋದಂತೆ. ಹೇಳದಿದ್ದರೆ ಅವರು ಬರುತ್ತಿರುತ್ತಾರೆ, ಮತ್ತು ಅವಳು ಪ್ರತಿ ಬುಧವಾರ ಅವರ ಮುಖಕ್ಕೆ ಸುಳ್ಳು ಹೇಳುತ್ತಿರುತ್ತಾಳೆ.

ಮರುದಿನ ಬೆಳಿಗ್ಗೆ ಮೂರು ಸಲ ತಲೆ ಬಾಚಿಕೊಂಡು, ಮುರಿದ ಕಪ್ಪನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟಳು.

“ಹಾಗೇ ಆ ಗುಜರಿಯವನನ್ನೂ ವಿಚಾರಿಸ್ಕೊಂಡು ಬಾ,” ಎಂದ ಅಪ್ಪ. ಅವಳಿಗೆ ಅದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೆನ್ನೆ ಊದಿದ ಒಬ್ಬ ದಪ್ಪ ಮನುಷ್ಯ ಗೋಡೆಗೆ ಒರಗಿ ನರಳುತ್ತಿದ್ದ. ಬಾಗಿಲಲ್ಲಿದ್ದ ನರ್ಸಮ್ಮ “ಯಾವ ಹಲ್ಲು?” ಎಂದಳು. ಏನು ಹೇಳಬೇಕೋ ತೋಚದೆ ಪುಟ್ಟಿ “ಬಲಗಡೆದು” ಅಂದುಬಿಟ್ಟಳು. ನರ್ಸಮ್ಮ ಅವಳನ್ನು ನೇರ ಒಳಗೆ ಕರೆದುಕೊಂಡು ಹೋಗಿ, ಒರಗುವ ಕುರ್ಚಿಯ ಮೇಲೆ ಕೂರಿಸಿ, ಕೊರಳಿಗೆ ಟವೆಲು ಕಟ್ಟಿ ಬಾಗಿಲೆಳೆದುಕೊಂಡಳು.

ಕೈ ತೊಳೆದು ತಿರುಗಿದ ಡಾಕ್ಟರು ಕುರ್ಚಿಯಲ್ಲಿದ್ದವಳನ್ನು ಕಂಡು ಕಲ್ಲಾದರು.

“ಏನಾಯ್ತು? ಎಲ್ಲಿ ನೋವು?”

“ಡಾಕ್ಟ್ರೇ, ನಾನು ಹೇಳಿ ಮುಗಿಸೋವರೆಗೂ ಮಧ್ಯ ಮಾತಾಡಬೇಡಿ.” ಅವಳು ಕರವಸ್ತ್ರ ಬಿಚ್ಚಿ, ಕಪ್ಪನ್ನು ಇಕ್ಕಳಗಳ ತಟ್ಟೆಯಲ್ಲಿಟ್ಟಳು. “ನಿಮ್ಮ ಸೈಕಲ್ಲಿಂದು. ಅಸಲು. ನಿನ್ನೆ ನಿಮ್ಮೆದುರಿಗೇ ಮುರಿದೆ. ನಿಮಗೆ ಅಷ್ಟು ಜಂಬದಿಂದ ಪಾಠ ಹೇಳಿ, ನಾನೇ ಉಲ್ಟಾ ತಿರುಗಿಸ್ದೆ. ಬೇರೆ ಕಪ್ ಹಾಕಿ ಮುಚ್ಚಿಬಿಟ್ಟಿದ್ರೆ ನಿಮಗೆ ಈ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಬಂದೆ.”

ಡಾಕ್ಟರು ಕಪ್ಪಿನ ಒಡೆದ ಅಂಚನ್ನು ನೋಡಿದರು. “ನಿಮ್ಮ ಕೈ ತಪ್ಪಲ್ಲವಲ್ಲ. ಹೇಗೆ ಉಲ್ಟಾ ಆಯ್ತು?”

“ನೀವು ‘ಇದು ಮುಗಿದ ಮೇಲೆ’ ಅಂದು ನಿಲ್ಲಿಸಿಬಿಟ್ರಿ. ಕೈ ಅಲ್ಲಿತ್ತು. ಪ್ರಾಣ ನಿಮ್ಮ ಬಾಯಿಂದ ಏನು ಬರತ್ತೋ ಅಂತ ಕಾಯ್ತಿತ್ತು.”

ಅಂದಮೇಲೆ ತಾನೇನಂದೆ ಎಂದು ಅರಿವಾಗಿ ಅವಳ ಮುಖ ಕೆಂಪೇರಿತು. ಎದ್ದು ಓಡೋಣವೆಂದರೆ ಆ ಹಾಳು ಕುರ್ಚಿ ಹಿಂದಕ್ಕೆ ಒರಗಿತ್ತು.

ಡಾಕ್ಟರು ಗೋಡೆಯ ಬೀರುವಿನ ಕೆಳಗಿನ ಖಾನೆ ಎಳೆದರು. ಅದರ ತುಂಬ ರೋಗಿಗಳ ಬಾಯಿಯ ಅಚ್ಚು ತೆಗೆದ ಪ್ಲಾಸ್ಟರಿನ ದವಡೆಗಳು. ಅವುಗಳ ಹಿಂದಿನಿಂದ ಹತ್ತಿಯ ಪೊಟ್ಟಣವೊಂದನ್ನು ತೆಗೆದು ಅವಳ ಮಡಿಲಲ್ಲಿಟ್ಟರು. ಎರಡು ಪೆಡಲ್ಲುಗಳು. ಒಂದರ ಕಡ್ಡಿಯ ತುದಿಗೆ ‘ಡಿ’, ಇನ್ನೊಂದಕ್ಕೆ ‘ಜಿ’, ಫ್ರಾನ್ಸಿನವರ ಬಲ ಮತ್ತು ಎಡ.

“ಸಿಕ್ತಾ! ಗುಜರೀಲಿ ಸಿಕ್ತಾ?”

“ಗುಜರಿ ಅನ್ನೋದೇ ಇಲ್ಲ,” ಎಂದರು ಅವರು. “ನನ್ನ ಪೇಷೆಂಟ್ ಅಜ್ಜಿಯೊಬ್ರು ತಮ್ಮ ಯಜಮಾನ್ರ ಸೈಕಲ್ಲು ಅಂತ ಕೊಟ್ರು. ಕೊಟ್ಟಾಗ ಪೂರ್ತಿ ಇತ್ತು, ಎಲ್ಲಾ ಒರಿಜಿನಲ್. ಬಿಚ್ಚಿದ್ದು ನಾನು.”

“ನೀವಾ? ಯಾಕೆ?”

“ನಿಮ್ಮ ತಂದೆಯವರ ಹಲ್ಲಿನ ಅಳತೆಗೆ ಅಂತ ನೀವು ಅವರ ಜೊತೆ ಮೂರು ಸಲ ಇಲ್ಲಿಗೆ ಬಂದ್ರಿ. ನಾಲ್ಕನೇ ಸಲಕ್ಕೆ ಹಲ್ಲು ಸರಿಯಾಗಿ ಕೂತುಬಿಡ್ತು. ಕೆಲಸ ಚೆನ್ನಾಗಿ ಆಗಿದ್ದಕ್ಕೆ ನನಗೆ ಬೇಜಾರಾಗಿದ್ದು ಅದೇ ಮೊದಲು. ಸೈಕಲ್ಲನ್ನ ಇದ್ದ ಹಾಗೇ ತಂದಿದ್ರೆ ಹತ್ತು ನಿಮಿಷಕ್ಕೆ ‘ಎಲ್ಲಾ ಒರಿಜಿನಲ್, ತಗೊಂಡ್ಹೋಗಿ’ ಅಂತಿದ್ರಿ. ಹತ್ತು ನಿಮಿಷ ಸಾಲ್ತಿರ್ಲಿಲ್ಲ ನನಗೆ.”

ಪುಟ್ಟಿಗೆ ಮೊದಲು ಬಂದದ್ದು ಕೋಪವೇ. “ನನ್ನ ಕೆಲಸದ ಜೊತೆ ಆಟ ಆಡಿದ್ರಾ? ಆ ಲಿವರು ಕೂತಾಗ ನಾನು ಹೇಗಾದೆ ಅಂತ ನೋಡಿದ್ರಿ. ನೋಡ್ತಾ ಸುಮ್ಮನೆ ನಿಂತಿದ್ರಿ!”

“ತಪ್ಪು. ಆಟ ಅಂತ ಮಾಡಿದ್ದಲ್ಲ, ಆದ್ರೂ ತಪ್ಪೇ. ನಿನ್ನೆ ಹೇಳ್ಬೇಕು ಅಂತಾನೇ ಬಂದಿದ್ದೆ, ಬಾಯೇ ಬರ್ಲಿಲ್ಲ. ನೀವು ಇಷ್ಟು ದೂರ ಬಂದು, ನನಗೆ ಗೊತ್ತೇ ಆಗದಿದ್ದ ತಪ್ಪನ್ನ ಹೇಳ್ಕೊಂಡ್ರಿ. ಇನ್ನು ನಾನು ಮುಚ್ಚಿಟ್ರೆ ನನ್ನಂಥ ಹೇಡಿ ಇನ್ನೊಬ್ಬ ಇಲ್ಲ.”

ಅವಳು ಪೆಡಲ್ಲನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಐವತ್ತು ವರ್ಷ ಕಚ್ಚಿ ಹಿಡಿದ ಪೆಡಲ್ಲನ್ನು ಬಿಚ್ಚುವುದೆಂದರೆ ಪಳಗಿದವರಿಗೂ ಬೆವರು ಇಳಿಯುತ್ತದೆ. ಸ್ಪ್ಯಾನರ್ ಜಾರಿದರೆ ಕಡ್ಡಿಯ ಮೂಲೆ ಸವೆಯುತ್ತದೆ, ಗೀರು ಬೀಳುತ್ತದೆ. ಇದರ ಮೂಲೆಗಳು ಇನ್ನೂ ಚೂಪಾಗಿದ್ದವು. ಸ್ಪ್ಯಾನರ್ ಹಿಡಿದೇ ಗೊತ್ತಿಲ್ಲದ ಮನುಷ್ಯ, ಒಂದಕ್ಕೂ ನೋವಾಗದ ಹಾಗೆ, ಅದೂ ಅವಳ ಹತ್ತಿರ ಕೂರುವ ಒಂದಷ್ಟು ಮಧ್ಯಾಹ್ನಗಳಿಗಾಗಿ!

“ಎಷ್ಟು ದಿನ ಹಿಡೀತು?”

“ಹತ್ತು ಭಾನುವಾರ. ಪೆಡಲ್ಲಿಗೇ ಮೂರು. ದಿನಾ ಒಂದು ತೊಟ್ಟು ಎಣ್ಣೆ ಬಿಟ್ಟು ಕಾಯ್ತಿದ್ದೆ.”

ಸೈಕಲ್ಲಿನ ಗೆರೆ ಕಂಡಾಗ, ಕನ್ನಡಿಯಲ್ಲಿ ಅಂಕಿ ಕಂಡಾಗ ಆದದ್ದಕ್ಕಿಂತ ದೊಡ್ಡದೊಂದು ಬೆರಗು ಅವಳನ್ನು ತುಂಬಿಕೊಂಡಿತು. ಅವಳಿಗಾಗಿ ಯಾರೂ ಯಾವತ್ತೂ ಇಷ್ಟು ಹೊತ್ತು ಕಾದಿರಲಿಲ್ಲ. ನಿಜ ಹೇಳಬೇಕೆಂದರೆ ನಾಲ್ಕು ಬುಧವಾರವೂ ಎಲ್ಲವೂ ಅಂಚಿಗೆ ಅಂಚು ಕೂಡುವುದು ಸಾಧ್ಯವಿಲ್ಲವೆಂದು ಅವಳ ತಲೆಗೆ ತಿಳಿದೇ ಇತ್ತು. ತಿಳಿಯುವುದು ಅವಳಿಗೆ ಬೇಡವಾಗಿತ್ತು. ಕೋಪ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

“ಈ ಕಪ್ಪಿಗೆ ಏನ್ಮಾಡೋದು?” ಕೊನೆಗೆ ಕೇಳಿದಳು. “ಇಂಥದ್ದೇ ಹುಡುಕಿಸ್ತೀನಿ. ವರ್ಷ ಆಗಲಿ.”

“ಬೇಡ. ನಿಮ್ಮ ಹತ್ರ ಇರೋದನ್ನೇ ಹಾಕಿ. ಪಟ್ಟೀಲಿ ‘ಅಸಲು ಅಲ್ಲ’ ಅಂತ ಬರೀರಿ. ಮಿಕ್ಕಿದ್ದೆಲ್ಲ ಅವರು ಮಾಡಿದ್ದು. ಅದೊಂದು ನಮ್ಮದು.”

ಆ ‘ನಮ್ಮದು’ ಕೋಣೆಯಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತಿತು. ಡಾಕ್ಟರು ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಮಾಸ್ಕನ್ನು ಕಿವಿಯಿಂದ ಬಿಡಿಸಿದರು.

“ನಿನ್ನೆ ಕೇಳೋಕೆ ಹೊರಟಿದ್ದು ಇಷ್ಟೇ. ಇದು ಮುಗಿದ ಮೇಲೆ ಬುಧವಾರ ನಾನು ಬರಬಹುದಾ? ಸುಮ್ಮನೆ, ಏನೂ ತರದೆ?”

“ಬುಧವಾರ ಬನ್ನಿ,” ಎಂದಳು ಪುಟ್ಟಿ. “ಮಿಕ್ಕ ಆರು ದಿನ ಎಲ್ಲಿಗೆ ಹೋಗ್ತೀರಿ?”

ಡಾಕ್ಟರಿಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಅವರ ಮುಖವನ್ನು ಪುಟ್ಟಿ ಕಣ್ಣು ಕದಲಿಸದೆ ನೋಡಿದಳು, ನೋಡುವ ಸರದಿ ಈ ಸಲ ತನ್ನದೆಂಬಂತೆ. ಅವರು ಕೈ ಚಾಚಿದರು. ಅವಳ ಬೆರಳುಗಳಲ್ಲಿ ಕಪ್ಪಿನ ಗ್ರೀಸು ಹಾಗೇ ಇತ್ತು.

“ಕೊಳೆ ಆಗತ್ತೆ ಡಾಕ್ಟ್ರೇ. ಈಗಷ್ಟೇ ಕೈ ತೊಳೆದಿದ್ರಿ.”

“ಆಗಲಿ.”

ಹೊರಗೆ ಕೆನ್ನೆ ಊದಿದ ಮನುಷ್ಯ ಬಾಗಿಲು ಬಡಿದ. ಡಾಕ್ಟರು “ಬಂದೆ” ಅಂದರು. ಆದರೆ ಅವಳ ಕೈ ಬಿಟ್ಟು ನಲ್ಲಿಯ ಕಡೆಗೆ ಅವರು ಏಳಲಿಲ್ಲ.